ಹೊರೆ ಹೊತ್ತ ರೆಕ್ಕೆಗಳು

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಯುದ್ಧವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಫಿರಂಗಿ, ಟ್ಯಾಂಕು, ಶತ್ರುವನ್ನು ಬೆನ್ನಟ್ಟಿ ಹೋಗುವ ಕಾದಾಟದ ವಿಮಾನ. ಆದರೆ ಕಾದುವವನಿಗೂ ಹೊಟ್ಟೆಯಿದೆ. ಅವನಿಗೆ ಅಕ್ಕಿ, ಹಿಟ್ಟು, ಉಪ್ಪು, ಸೀಮೆಎಣ್ಣೆ, ಕಂಬಳಿ, ಔಷಧ, ಮದ್ದುಗುಂಡು ಎಲ್ಲವೂ ಬೇಕು. ಊರಿನಿಂದ ಬಂದ ಕಾಗದವೂ ಬೇಕು. ಗಾಯಗೊಂಡರೆ ಆಸ್ಪತ್ರೆಗೆ ಒಯ್ಯುವವರು ಬೇಕು. ರಸ್ತೆಯಿಲ್ಲದ ಕಡೆಗೆ ಇವನ್ನೆಲ್ಲ ಮುಟ್ಟಿಸುವ ವಿಮಾನಕ್ಕೆ ಸಾಗಣೆ ವಿಮಾನವೆಂದು ಹೆಸರು. ಇದಕ್ಕೆ ಸಾಮಾನ್ಯವಾಗಿ ಬಂದೂಕಿಲ್ಲ, ಬಾಂಬಿಲ್ಲ. ಆದ್ದರಿಂದಲೋ ಏನೋ, ಇದರ ಕಥೆಯನ್ನು ಹೇಳುವವರೂ ಕಡಮೆ, ಕೇಳುವವರೂ ಕಡಮೆ. ಆ ಕಥೆಯನ್ನು ನನಗೆ ತಿಳಿದಷ್ಟರ ಮಟ್ಟಿಗೆ ಸಹಪಾಠಿಗಳ ಮತ್ತು ಗುರುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಈ ವಿಷಯವನ್ನು ನಾನೇಕೆ ಆರಿಸಿಕೊಂಡೆನೆಂದು ಓದುಗರು ಕೇಳಬಹುದು. ನಮ್ಮ ತಂದೆ ಮಾರುಕಟ್ಟೆ ಯಾರ್ಡಿನಲ್ಲಿ ಹಮಾಲಿ. ಮೂಟೆ ಹೊತ್ತು ನಮ್ಮನ್ನು ಸಾಕಿದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಎಂಬತ್ತರ ಅಂಚಿನಲ್ಲಿರುವ ವೃದ್ಧರೊಬ್ಬರಿದ್ದಾರೆ. 1964ರಲ್ಲಿ ವಾಯುಪಡೆಗೆ ಸೇರಿ, ಜಾಲಹಳ್ಳಿಯಲ್ಲಿ ತರಬೇತಿ ಪಡೆದು, ಹದಿನೈದು ವರ್ಷ ದುಡಿದು ಊರಿಗೆ ಮರಳಿದವರು. ವಿಮಾನ ಹಾರಿಸಿದವರಲ್ಲ, ವಿಮಾನಕ್ಕೆ ಹೊರೆ ತುಂಬುವ ವಿಭಾಗದಲ್ಲಿದ್ದವರು. ಊರಿನವರು ಅವರನ್ನು 'ಮಿಲಿಟರಿ ತಾತ' ಎನ್ನುತ್ತಾರೆ. ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಬೇಡವಾದ್ದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಹಿಂದಿನ ವರ್ಷ ನಮ್ಮ ಇತಿಹಾಸದ ಅಧ್ಯಾಪಕರು, "ನಿಮ್ಮ ಊರಿನ ಒಬ್ಬ ಹಿರಿಯರ ನೆನಪನ್ನು ಕೇಳಿ ಬರೆದುಕೊಳ್ಳಿ; ಆಮೇಲೆ ಪುಸ್ತಕದೊಡನೆ ತಾಳೆ ನೋಡಿ" ಎಂದು ಅಭ್ಯಾಸ ಕೊಟ್ಟರು. ನಾನು ಹೋದದ್ದು ತಾತನ ಜಗಲಿಗೆ. ಪುಸ್ತಕಗಳಿಂದ ತಿಳಿದದ್ದನ್ನು ಮೊದಲು ಹೇಳಿ, ತಾತನಿಂದ ತಿಳಿದದ್ದನ್ನು ಅನಂತರ ಹೇಳುತ್ತೇನೆ.

ಡಕೋಟದ ಹುಟ್ಟು

ಸಾಗಣೆ ವಿಮಾನಗಳ ಇತಿಹಾಸದಲ್ಲಿ ಮೊದಲ ಗೌರವ ಸಲ್ಲಬೇಕಾದದ್ದು ಡಕೋಟಕ್ಕೆ. ಅಮೆರಿಕದ ಡಗ್ಲಸ್ ಕಂಪೆನಿಯವರು ಪ್ರಯಾಣಿಕರಿಗಾಗಿ ಕಟ್ಟಿದ ಡಿ.ಸಿ.-3 ವಿಮಾನ 1935ರ ಡಿಸೆಂಬರ್ 17ರಂದು ಮೊದಲು ಹಾರಿತು. ಅದರ ಸೇನಾ ರೂಪ ಸಿ-47. ಅದನ್ನೇ ಬ್ರಿಟಿಷರು ಡಕೋಟ ಎಂದು ಕರೆದರು. ತಲಾ 1,200 ಅಶ್ವಶಕ್ತಿಯ ಎರಡು ಎಂಜಿನುಗಳು. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 95 ಅಡಿ. 28 ಮಂದಿ ಸೈನಿಕರು, ಇಲ್ಲವೆ ಎರಡೂವರೆ ಟನ್ನಿಗೂ ಮೀರಿದ ಸಾಮಾನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಥವು ಹತ್ತು ಸಾವಿರಕ್ಕೂ ಹೆಚ್ಚು ತಯಾರಾದುವು. ಆ ಯುದ್ಧವನ್ನು ಗೆಲ್ಲಿಸಿದ ಸಾಧನಗಳನ್ನು ಎಣಿಸುವಾಗ ಸೇನಾಪತಿ ಐಸೆನ್‌ಹೋವರ್ ಜೀಪು, ಬುಲ್ಡೋಜರು, ಲಾರಿಗಳ ಸಾಲಿನಲ್ಲಿ ಈ ವಿಮಾನವನ್ನೂ ಸೇರಿಸಿದರೆಂಬುದು ಗಮನಾರ್ಹ. ಇವು ನಾಲ್ಕೂ ಹೊರೆಯಾಳುಗಳೇ ಹೊರತು ಆಯುಧಗಳಲ್ಲ.

1942ರಲ್ಲಿ ಜಪಾನೀಯರು ಬರ್ಮಾದ ರಸ್ತೆಯನ್ನು ಕಡಿದುಹಾಕಿದಾಗ ಚೀನಾ ದೇಶಕ್ಕೆ ಸಾಮಾನು ಕಳುಹಿಸಲು ಆಕಾಶಮಾರ್ಗವೊಂದೇ ಉಳಿಯಿತು. ಅಸ್ಸಾಮಿನ ನಿಲ್ದಾಣಗಳಿಂದ ಹೊರಟು ಹಿಮಾಲಯದ ಪೂರ್ವದ ತುದಿಯನ್ನು ದಾಟಿ ಕುನ್ಮಿಂಗ್ ನಗರಕ್ಕೆ ಹೋಗುವ ಈ ದಾರಿಯನ್ನು ವೈಮಾನಿಕರು 'ಹಂಪ್', ಅಂದರೆ ಡುಬ್ಬ ಎಂದು ಕರೆದರು. ಯುದ್ಧ ಮುಗಿಯುವುದರೊಳಗೆ ಈ ಡುಬ್ಬದ ಮೇಲೆ ಸುಮಾರು ಆರೂವರೆ ಲಕ್ಷ ಟನ್ ಸಾಮಾನು ದಾಟಿತು. ಆರುನೂರರ ಹತ್ತಿರ ವಿಮಾನಗಳು ನಾಶವಾದುವು. ಅವುಗಳಲ್ಲಿ ಹೆಚ್ಚಿನವನ್ನು ಕೆಡವಿದ್ದು ಶತ್ರುವಲ್ಲ. ಮಂಜು, ಗಾಳಿ ಮತ್ತು ಬೆಟ್ಟ.

ಈ ಕಥೆಯಲ್ಲಿ ನಮ್ಮ ನಾಡಿನ ಪಾಲೂ ಇದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಸೇನೆಯ ಆಡಳಿತಕ್ಕೆ ಬಂದು, ಈ ಭಾಗದ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಇಲ್ಲಿ ಉಳಿದುಹೋದ ಡಕೋಟಗಳನ್ನು ಬಿಚ್ಚಿ, ತೊಳೆದು, ಜೋಡಿಸಿ ಮತ್ತೆ ಹಾರುವಂತೆ ಮಾಡಿದವರೂ ಇದೇ ಕಾರ್ಖಾನೆಯ ಕೆಲಸಗಾರರು.

ಶ್ರೀನಗರ, ಪೂಂಚ್, ಲೇಹ್

ಸ್ವತಂತ್ರ ಭಾರತದ ವಾಯುಪಡೆಗೆ ಮೊದಲ ಪರೀಕ್ಷೆ ಒದಗಿದ್ದು ಸ್ವಾತಂತ್ರ್ಯ ಬಂದ ಎರಡೂವರೆ ತಿಂಗಳೊಳಗೆ. 1947ರ ಅಕ್ಟೋಬರ್ 27ರ ಬೆಳಗ್ಗೆ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ಅವರ ನೇತೃತ್ವದ ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನನ್ನು ಹೊತ್ತ ಡಕೋಟಗಳು ದೆಹಲಿಯಿಂದ ಶ್ರೀನಗರಕ್ಕೆ ಹಾರಿದುವು. ವಾಯುಪಡೆಯ 12ನೆಯ ಸ್ಕ್ವಾಡ್ರನ್ನಿನ ವಿಮಾನಗಳು ಸಾಲದೆ ನಾಗರಿಕ ಕಂಪೆನಿಗಳ ಡಕೋಟಗಳನ್ನೂ ಬಳಸಿಕೊಳ್ಳಲಾಯಿತು. ನಿಲ್ದಾಣ ಯಾರ ಕೈಯಲ್ಲಿದೆಯೆಂದು ಖಚಿತವಾಗಿ ತಿಳಿಯದೆಯೇ ಹೊರಟ ಪಯಣವದು. ರಾಯ್ ಅವರು ಅದೇ ದಿನ ಹೋರಾಟದಲ್ಲಿ ಮಡಿದರು, ಶ್ರೀನಗರ ಉಳಿಯಿತು.

ಆ ವರ್ಷದ ಡಿಸೆಂಬರಿನಲ್ಲಿ ಪೂಂಚ್ ಪಟ್ಟಣ ಮುತ್ತಿಗೆಗೆ ಸಿಕ್ಕಿತ್ತು. ಸೈನಿಕರೂ ನಿರಾಶ್ರಿತರೂ ಕೂಡಿ ನೆಲ ಸಮ ಮಾಡಿದ ಕಿರಿದಾದ ಪಟ್ಟಿಯ ಮೇಲೆ ಏರ್ ಕಮೋಡೋರ್ ಮೆಹರ್ ಸಿಂಗ್ ಅವರು ಡಕೋಟವನ್ನು ಇಳಿಸಿದರು. ಒಳಗೆ ಹೋಗುವಾಗ ಮದ್ದುಗುಂಡು, ಫಿರಂಗಿ, ಧಾನ್ಯ. ಹೊರಗೆ ಬರುವಾಗ ಗಾಯಾಳುಗಳು, ಹೆಂಗಸರು, ಮಕ್ಕಳು.

1948ರ ಮೇ 24ರಂದು ಅದೇ ಮೆಹರ್ ಸಿಂಗ್ ಅವರು ಲೇಹ್ ಪಟ್ಟಣಕ್ಕೆ ಹಾರಿದರು. ಸೋನಮ್ ನೊರ್ಬು ಎಂಬ ಲಡಾಖಿನ ಎಂಜಿನಿಯರು ಸ್ಥಳೀಯ ಜನರ ನೆರವಿನಿಂದ ಹತ್ತು ಸಾವಿರ ಅಡಿಗೂ ಮೀರಿದ ಎತ್ತರದಲ್ಲಿ ಆ ನೆಲವನ್ನು ಸಿದ್ಧಗೊಳಿಸಿದ್ದರು. ಡಕೋಟದ ಒಳಗಿನ ಗಾಳಿಗೆ ಒತ್ತಡ ತುಂಬುವ ಏರ್ಪಾಡಿಲ್ಲ; ದಾರಿಗೆ ಭರವಸೆಯ ನಕ್ಷೆಯಿಲ್ಲ. ಆ ವಿಮಾನದಲ್ಲಿ ಮೆಹರ್ ಸಿಂಗ್ ಅವರ ಜತೆಗೆ ಕುಳಿತಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ತಿಮ್ಮಯ್ಯನವರು. ಮುಂದೆ 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದವರು ಇವರೇ. ವೈಮಾನಿಕನ ಮಾತನ್ನು ನಂಬಿ ಸೇನಾನಿಯೇ ಮೊದಲ ವಿಮಾನದಲ್ಲಿ ಕುಳಿತನೆಂಬುದು ಕನ್ನಡಿಗರಾದ ನಾವು ನೆನೆಯಬೇಕಾದ ಸಂಗತಿ.

ತೂಕದ ಲೆಕ್ಕ

ಇಷ್ಟನ್ನು ಬರೆದುಕೊಂಡು ಹೋಗಿ ತಾತನಿಗೆ ಓದಿ ಹೇಳಿದೆ. ಅವರು ಎಲ್ಲವನ್ನೂ ಕೇಳಿ, "ಇಳಿಸಿದವರ ಹೆಸರು ಬರೆದಿದ್ದೀಯ. ಸರಿ. ತುಂಬಿದವರು ಯಾರು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಅವರು ನನಗೆ ಹೊರೆ ತುಂಬುವ ವಿದ್ಯೆಯನ್ನು ಕಲಿಸಿದರು.

ವಿಮಾನಕ್ಕೆ ಎಷ್ಟು ತೂಕ ಹಾಕಿದೆ ಎಂಬುದು ಒಂದು ಲೆಕ್ಕ. ಎಲ್ಲಿ ಹಾಕಿದೆ ಎಂಬುದು ಇನ್ನೊಂದು ಲೆಕ್ಕ. ಎರಡರಲ್ಲಿ ಯಾವುದು ತಪ್ಪಿದರೂ ಅಪಾಯವೇ. ಬಾಲದ ಕಡೆ ಭಾರ ಹೆಚ್ಚಾದರೆ ಮೂತಿ ಮೇಲೇಳುತ್ತದೆ, ವೇಗ ಕುಗ್ಗುತ್ತದೆ, ರೆಕ್ಕೆ ಗಾಳಿಯ ಹಿಡಿತವನ್ನು ಕಳೆದುಕೊಳ್ಳುತ್ತದೆ. ಮುಂದೆ ಭಾರ ಹೆಚ್ಚಾದರೆ ಮೂತಿಯನ್ನು ಎತ್ತುವುದೇ ಕಷ್ಟ. ನನಗೆ ಇದು ಬೇಗ ಅರ್ಥವಾಗಲಿಲ್ಲ. ಜಗಲಿಯ ತುದಿಯಲ್ಲಿ ಕುಳಿತಿದ್ದ ನಮ್ಮಪ್ಪ, "ಗಾಡಿ ಹಿಂಭಾರ ಆದಂಗೆ ಅಲ್ವಾ? ನೊಗ ಮ್ಯಾಲೆದ್ದು ಎತ್ತಿನ ಕೊರಳು ಬಿಗಿದುಬಿಡ್ತದೆ. ಮುಂಭಾರ ಆದ್ರೆ ಹೆಗಲೇ ಇಳಿದೋಯ್ತದೆ" ಎಂದರು. ತಾತ ನಕ್ಕು, "ಅಪ್ಪನ್ನ ಕೇಳಿದ್ರೆ ಸಾಕಿತ್ತು ಕಣವ್ವ, ಪುಸ್ತಕ ಯಾಕೆ?" ಎಂದರು. ನಮ್ಮ ತಂದೆಗೆ ತಿಳಿದಿದ್ದ ವಿದ್ಯೆಯೊಂದು ಕಾಲೇಜಿಗೆ ಹೋದ ನನಗೆ ತಿಳಿದಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಎತ್ತರದ ನೆಲಗಳಲ್ಲಿ ಈ ಲೆಕ್ಕ ಇನ್ನೂ ಬಿಗಿ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ಎಂಜಿನಿಗೆ ಶಕ್ತಿ ಕಡಮೆ, ರೆಕ್ಕೆಗೆ ಆಧಾರ ಕಡಮೆ; ಆದ್ದರಿಂದ ಮೇಲೇಳಲು ಹೆಚ್ಚು ದೂರ ಓಡಬೇಕು, ಇಲ್ಲವೆ ಹೊರೆ ಕಡಮೆ ಮಾಡಬೇಕು. ಬಿಸಿಲೇರಿದರೆ ಗಾಳಿ ಮತ್ತಷ್ಟು ತೆಳುವಾಗುತ್ತದೆ, ಕಣಿವೆಗಳಲ್ಲಿ ಬಿರುಗಾಳಿಯೂ ಏಳುತ್ತದೆ. ಅದಕ್ಕೇ ಲೇಹಿಗೆ ಹೋಗುವ ವಿಮಾನಗಳು ನಸುಕಿನಲ್ಲೇ ಹೊರಡಬೇಕು. ಹೊರೆ ತುಂಬುವವರಿಗೆ ಬೆಳಗೆಂದರೆ ನಡುರಾತ್ರಿ. ಲೇಹಿನಲ್ಲಿ ಇಳಿದ ಮೇಲೆ ಎಂಜಿನನ್ನು ನಿಲ್ಲಿಸದೆಯೇ ಸಾಮಾನು ಇಳಿಸುವುದುಂಟು. ಚಳಿಗೆ ಎಣ್ಣೆ ಗಟ್ಟಿಯಾಗಿ ಎಂಜಿನು ಮತ್ತೆ ಹೊತ್ತದಿದ್ದರೆ ವಿಮಾನ ಅಲ್ಲಿಯೇ ಉಳಿಯುತ್ತದೆ.

ಇಳಿಯಲು ನೆಲವೇ ಇಲ್ಲದ ಕಡೆ ಮೇಲಿನಿಂದ ಎಸೆಯುವುದು ಇನ್ನೊಂದು ವಿಧಾನ. ಒಡೆಯುವ ವಸ್ತುಗಳಿಗೆ ಪ್ಯಾರಾಷೂಟು ಕಟ್ಟುತ್ತಾರೆ. ಧಾನ್ಯವನ್ನು ಹಾಗೆಯೇ ಬಿಡುವಾಗ ಒಂದು ಗೋಣಿಯನ್ನು ಅದಕ್ಕಿಂತ ದೊಡ್ಡದಾದ ಇನ್ನೊಂದು ಗೋಣಿಯೊಳಗಿಟ್ಟು ಹೊಲಿಯುತ್ತಾರೆ. ನೆಲಕ್ಕೆ ಬಡಿದಾಗ ಒಳಗಿನದು ಹರಿದರೂ ಹೊರಗಿನದು ಕಾಳನ್ನು ಹಿಡಿದುಕೊಳ್ಳುತ್ತದೆ. ತೆರೆದ ಬಾಗಿಲ ಬಳಿ ನಿಂತು, ಗಂಟೆಯ ಸದ್ದು ಕೇಳಿದೊಡನೆ ಮೂಟೆಯನ್ನು ಕಾಲಿನಿಂದ ತಳ್ಳುವವನ ಸೊಂಟಕ್ಕೆ ಒಂದು ಪಟ್ಟಿ ಬಿಗಿದಿರುತ್ತದೆ. ಅವನಿಗೂ ಆಕಾಶಕ್ಕೂ ನಡುವೆ ಇರುವುದು ಅಷ್ಟೇ. ನೆಲದ ಗುರುತು ಕಾಣುವ ಕೆಲವೇ ಕ್ಷಣಗಳಲ್ಲಿ ಎಲ್ಲ ಮೂಟೆಯೂ ಬೀಳಬೇಕು. ತಡವಾಗಿ ಬಿದ್ದದ್ದು ಕಣಿವೆಯ ಪಾಲು.

ಬೆಟ್ಟ ಹತ್ತಿದ ಪ್ಯಾಕೆಟ್

ಡಕೋಟಕ್ಕೆ ಮೀರಿದ ಹೊರೆಗಾಗಿ 1954ರಿಂದ ನಮ್ಮ ವಾಯುಪಡೆಗೆ ಅಮೆರಿಕದ ಸಿ-119 ವಿಮಾನಗಳು ಬಂದುವು. ಇವನ್ನು ಪ್ಯಾಕೆಟ್ ಎನ್ನುತ್ತಿದ್ದರು. ಎರಡು ಬಾಲದ ಕೊಂಬೆಗಳು, ನಡುವೆ ಪೆಟ್ಟಿಗೆಯಂಥ ಒಡಲು. ಹಿಮಾಲಯದ ಎತ್ತರಕ್ಕೆ ಅದರ ಎರಡು ಎಂಜಿನುಗಳು ಸಾಲದೆ ಹೋದಾಗ, ಬೆನ್ನ ಮೇಲೆ ಮೂರನೆಯದಾಗಿ ಒಂದು ಜೆಟ್ ಎಂಜಿನನ್ನು ಕೂರಿಸುವ ಉಪಾಯ ಮಾಡಿದರು. ಹಾಗೆ ಕೂರಿಸಿದ ಆರ್ಫಿಯಸ್ ಎಂಜಿನು ನಮ್ಮ ಬೆಂಗಳೂರಿನ ಕಾರ್ಖಾನೆಯದು. 1962ರ ಜುಲೈಯಲ್ಲಿ ಸ್ಕ್ವಾಡ್ರನ್ ಲೀಡರ್ ರಾಜೆ ಅವರು 16,000 ಅಡಿಗೂ ಮೇಲಿರುವ ದೌಲತ್ ಬೇಗ್ ಓಲ್ಡಿ ಎಂಬ ನೆಲದ ಮೇಲೆ ಪ್ಯಾಕೆಟನ್ನು ಇಳಿಸಿದರು. ಮುಂದೆ ಆ ನೆಲ ಹಲವು ದಶಕ ವಿಮಾನಗಳಿಲ್ಲದೆ ಉಳಿದು, 2008ರ ಮೇ 31ರಂದು ಎ.ಎನ್.-32 ವಿಮಾನವೂ 2013ರ ಆಗಸ್ಟ್ 20ರಂದು ಸಿ-130ಜೆ ವಿಮಾನವೂ ಅಲ್ಲಿ ಇಳಿದುವು.

1961ರಲ್ಲಿ ಸೋವಿಯತ್ ದೇಶದಿಂದ ನಾಲ್ಕು ಎಂಜಿನಿನ ಎ.ಎನ್.-12 ವಿಮಾನಗಳು ಬಂದುವು. ಒಂದೊಂದೂ 20 ಟನ್ನಿನವರೆಗೆ ಹೊರಬಲ್ಲದು. 1962ರ ಚೀನಾ ಯುದ್ಧದಲ್ಲಿ ಚಂಡೀಗಢದಿಂದ ಲಡಾಖಿನ ಚುಶೂಲಿಗೆ ಟ್ಯಾಂಕುಗಳನ್ನೇ ಹೊತ್ತು ಒಯ್ದದ್ದು ಇವೇ. ನಮ್ಮ ತಾತ 1966ರಿಂದ ನಾಲ್ಕು ವರ್ಷ ದುಡಿದದ್ದು ಚಂಡೀಗಢದಲ್ಲಿ, ಈ ವಿಮಾನಗಳ ಅಡಿಯಲ್ಲಿ.

1968ರ ಫೆಬ್ರವರಿ 7

ಅಂದು ಚಂಡೀಗಢದಿಂದ ಲೇಹಿಗೆ ಹೊರಟ ಒಂದು ಎ.ಎನ್.-12 ವಿಮಾನದಲ್ಲಿ ಸಿಬ್ಬಂದಿಯೂ ಸೇರಿ 102 ಮಂದಿ ಇದ್ದರು. ಹವೆ ಕೆಟ್ಟಿದ್ದರಿಂದ ವೈಮಾನಿಕರು ವಿಮಾನವನ್ನು ಹಿಂದಕ್ಕೆ ತಿರುಗಿಸಿದರು. ರೋಹ್ತಾಂಗ್ ಕಣಿವೆದಾರಿಯ ಸುತ್ತಿನಲ್ಲಿ ಅದರ ಸುಳಿವು ತಪ್ಪಿಹೋಯಿತು. ಹಲವು ಮನೆಗಳು ಖಚಿತವಾದ ಸುದ್ದಿಯಿಲ್ಲದೆಯೇ ದಶಕಗಳನ್ನು ಕಳೆದುವು. 2003ರಲ್ಲಿ ಪರ್ವತಾರೋಹಿಗಳ ತಂಡವೊಂದು ಲಾಹೌಲಿನ ಹಿಮನದಿಯಲ್ಲಿ ವಿಮಾನದ ಅವಶೇಷವನ್ನೂ ಒಬ್ಬ ಸೈನಿಕನ ದೇಹವನ್ನೂ ಕಂಡಿತು. ಅಲ್ಲಿಂದ ಮುಂದೆ ಶೋಧ ನಡೆಯುತ್ತ ಬಂದು, 2024ರಲ್ಲಿ, ಅಂದರೆ 56 ವರ್ಷಗಳ ಬಳಿಕ, ಮತ್ತೆ ನಾಲ್ವರ ದೇಹಗಳು ದೊರೆತುವು.

ಈ ವಿಮಾನದ ಮಾತನ್ನು ತಾತ ತಾವಾಗಿಯೇ ಎತ್ತಿದರು. ಆದರೆ ಅವರು ಹೇಳಿದ್ದು, "ಸಂಕ್ರಾಂತಿ ಮಾರನೇ ದಿನ" ಎಂದು. ನಾನು ಆಗತಾನೇ ಓದಿಕೊಂಡು ಹೋಗಿದ್ದೆ. "ಇಲ್ಲ ತಾತ, ನೀವು ತಪ್ಪು ಹೇಳ್ತಿದ್ದೀರಿ. ಅದು ಫೆಬ್ರವರಿ 7" ಎಂದೆ. ನನ್ನ ದನಿಯಲ್ಲಿ ಪರೀಕ್ಷೆಯಲ್ಲಿ ಸರಿಯುತ್ತರ ಹೇಳುವವಳ ಗತ್ತು ಇತ್ತೆಂದು ಈಗ ತೋರುತ್ತದೆ. ತಾತ ನನ್ನನ್ನು ನೋಡಿ, "ಹಾಗಾದ್ರೆ ನಿಂಗೇ ಗೊತ್ತದಲ್ಲವ್ವ" ಎಂದು ಎದ್ದು ಒಳಗೆ ಹೋದರು. ಆಮೇಲೆ ಹತ್ತು ದಿನ ಅವರು ನನ್ನೊಡನೆ ಆ ಮಾತೆತ್ತಲಿಲ್ಲ. ನನಗೆ ನನ್ನ ವಿದ್ಯೆಯ ಮೇಲೆಯೇ ನಾಚಿಕೆಯಾಯಿತು.

ಹನ್ನೊಂದನೆಯ ದಿನ ಅವರೇ ನನ್ನನ್ನು ಕರೆಸಿದರು. ಯೋಚಿಸಿ ಯೋಚಿಸಿ ಅವರು ತಮ್ಮ ತಪ್ಪಿನ ಮೂಲವನ್ನು ಕಂಡುಹಿಡಿದಿದ್ದರು. ಆ ವರ್ಷ ಅವರ ತಾಯಿ ಸಂಕ್ರಾಂತಿಗೆಂದು ಎಳ್ಳುಬೆಲ್ಲವನ್ನು ಬಟ್ಟೆಯಲ್ಲಿ ಹೊಲಿದು ಅಂಚೆಯಲ್ಲಿ ಕಳಿಸಿದ್ದರು. ಆ ಗಂಟು ಚಂಡೀಗಢವನ್ನು ಮುಟ್ಟಿದ್ದು ಮೂರು ವಾರ ತಡವಾಗಿ. ಗಂಟು ಬಿಚ್ಚಿದ ದಿನವೇ ಅವರಿಗೆ ಸಂಕ್ರಾಂತಿ. ಅದರ ಮಾರನೆಯ ದಿನ ವಿಮಾನ ಮರಳಲಿಲ್ಲ. ಹಾಗಾಗಿ ಅವರ ನೆನಪಿನಲ್ಲಿ ಸಂಕ್ರಾಂತಿ ಫೆಬ್ರವರಿಗೆ ಬಂದು ಕುಳಿತಿತ್ತು. ತಾರೀಖು ತಪ್ಪಾಗಿತ್ತು, ಆದರೆ ಆ ತಪ್ಪಿಗೂ ಒಂದು ಸತ್ಯವಾದ ಕಾರಣವಿತ್ತು.

ಅನಂತರ ಅವರು ಹೇಳಿದ್ದನ್ನು ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಆ ದಿನಗಳಲ್ಲಿ ಪ್ರಯಾಣಿಕರ ಸಾಮಾನನ್ನು ತೂಗುವ ಕೆಲಸ ಅವರದು. ರಜೆ ಮುಗಿಸಿ ಮರಳುತ್ತಿದ್ದ ಒಬ್ಬ ಹುಡುಗ ಜವಾನನ ಗಂಟು ಗೊತ್ತಾದ ಮಿತಿಗಿಂತ ಎರಡು ಕಿಲೋ ಹೆಚ್ಚು ತೂಗಿತು. ಗಂಟಿನಲ್ಲಿ ಅವನ ತಾಯಿ ಕೊಟ್ಟ ತುಪ್ಪದ ಡಬ್ಬ ಇತ್ತು. ಅದನ್ನು ತೆಗೆಸಬೇಕಾಗಿತ್ತು. ತಾತನ ಜೇಬಿನಲ್ಲಿ ಅವರ ತಾಯಿಯ ಎಳ್ಳುಬೆಲ್ಲ ಇತ್ತು. "ಹೋಗ್ಲಿ ಬಿಡು" ಎಂದು ತಕ್ಕಡಿಯಿಂದ ಇಳಿಸಿಬಿಟ್ಟರು; ಒಂದು ಹಿಡಿ ಎಳ್ಳುಬೆಲ್ಲವನ್ನೂ ಕೊಟ್ಟರು. ಆ ಹುಡುಗ ಅದೇನೆಂದು ತಿಳಿಯದೆ ಮೂಸಿ ನೋಡಿ ಬಾಯಿಗೆ ಹಾಕಿಕೊಂಡು ನಕ್ಕನಂತೆ.

ಆ ಹುಡುಗ ಹತ್ತಿದ್ದು ಆ ವಿಮಾನವನ್ನೋ, ಅದರ ಹಿಂದೆಯೋ ಮುಂದೆಯೋ ಹೋದ ಇನ್ನೊಂದನ್ನೋ, ತಾತನಿಗೆ ತಿಳಿಯದು. ಹೆಸರು ಕೇಳಿರಲಿಲ್ಲ. "ಎರಡು ಕಿಲೋ ತುಪ್ಪಕ್ಕೆ ಏರೋಪ್ಲೇನು ಬೀಳಲ್ಲ. ಅದು ನಂಗೂ ಗೊತ್ತು ಕಣವ್ವ, ಹವಾ ಕೆಟ್ಟಿತ್ತು" ಎಂದರು ತಾತ. ಸ್ವಲ್ಪ ಹೊತ್ತಿನ ಮೇಲೆ, "ಆದ್ರೂ ಐಸಿನಲ್ಲಿ ಯಾರೋ ಸಿಕ್ಕಿದ್ರು ಅಂತ ಟೀವಿಯಲ್ಲಿ ಹೇಳಿದಾಗೆಲ್ಲ ಹತ್ರ ಹೋಗಿ ನೋಡ್ತೀನಿ. ಮುಖ ತೋರಿಸ್ತಾರೇನೋ ಅಂತ" ಎಂದರು. ನಮ್ಮ ತಂದೆ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ತಂದು ತಾತನ ಮುಂದಿಟ್ಟರು.

ನೆನಪೂ ದಾಖಲೆಯೂ

ಇದರಿಂದ ಇತಿಹಾಸದ ವಿದ್ಯಾರ್ಥಿನಿಯಾದ ನಾನು ಕಲಿತದ್ದೇನು? ತಾರೀಖು, ಸಂಖ್ಯೆ, ಸ್ಥಳ, ಹುದ್ದೆ ಇವುಗಳಿಗೆ ದಾಖಲೆಯೇ ಪ್ರಮಾಣ. ನೆನಪನ್ನು ಹಾಗೆಯೇ ನಂಬಿದ್ದರೆ ನಾನು ಆ ವಿಮಾನವನ್ನು ಜನವರಿಯಲ್ಲಿ ಹುಡುಕುತ್ತಿದ್ದೆ. 1947ರಲ್ಲಿ ಶ್ರೀನಗರಕ್ಕೆ ಮೊದಲು ಇಳಿದವರು ಯಾರೆಂಬ ಬಗ್ಗೆಯೂ ಒಂದಕ್ಕಿಂತ ಹೆಚ್ಚು ಮಾತುಗಳಿವೆ. ಅಂಥ ಕಡೆ ದಾಖಲೆಯಿಲ್ಲದೆ ತೀರ್ಪು ಹೇಳುವುದು ಸಲ್ಲದು. ಆದರೆ ನಾನು ಓದಿದ ಯಾವ ಪುಟದಲ್ಲಿಯೂ ತುಪ್ಪದ ಡಬ್ಬ ಇರಲಿಲ್ಲ. 102 ಎಂಬುದು ಒಂದು ಸಂಖ್ಯೆ. ಆ ಸಂಖ್ಯೆಯಲ್ಲಿ ಒಬ್ಬೊಬ್ಬನಿಗೂ ಒಂದು ಗಂಟು, ಆ ಗಂಟಿಗೆ ಒಬ್ಬ ತಾಯಿ ಇದ್ದಳೆಂಬುದನ್ನು ನನಗೆ ತೋರಿಸಿದ್ದು ನೆನಪು. ಆದ್ದರಿಂದ ನೆನಪು ತಪ್ಪಿದಾಗ ಅದನ್ನು ಹೊಡೆದುಹಾಕುವ ಮೊದಲು, ಅದು ಏಕೆ ತಪ್ಪಿತೆಂದು ಕೇಳುವ ತಾಳ್ಮೆ ನಮಗಿರಬೇಕು.

ಹಳೆಯ ವಿಮಾನಗಳಿಗೆ ಈಗ ಸ್ವಲ್ಪ ಗೌರವ ದೊರೆಯುತ್ತಿದೆ. ನಮ್ಮ ವಾಯುಪಡೆಯಲ್ಲಿ ಡಕೋಟದ ಸೇವೆ 1988ರಲ್ಲಿ ಮುಗಿಯಿತು. ಐರ್ಲೆಂಡಿನಲ್ಲಿ ಗುಜರಿಯ ಪಾಲಾಗಿದ್ದ ಒಂದು ಡಕೋಟವನ್ನು ಆಗ ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಕೊಂಡು, ಬ್ರಿಟನ್ನಿನಲ್ಲಿ ಸರಿಪಡಿಸಿ, 2018ರಲ್ಲಿ ವಾಯುಪಡೆಗೆ ಒಪ್ಪಿಸಿದರು. ಅವರ ತಂದೆ ಡಕೋಟದ ವೈಮಾನಿಕರಾಗಿದ್ದವರು. 'ಪರಶುರಾಮ' ಎಂಬ ಹೆಸರಿನ ಆ ವಿಮಾನ ಅದೇ ವರ್ಷದ ಏಪ್ರಿಲಿನಲ್ಲಿ ಬ್ರಿಟನ್ನಿನಿಂದ ಜಾಮ್‌ನಗರದವರೆಗೆ ತಾನೇ ಹಾರಿ ಬಂತು. ಲೋಹದ ವಿಮಾನವನ್ನು ಗುಜರಿಯಿಂದ ಎತ್ತಿ ಮತ್ತೆ ಹಾರಿಸಬಹುದು. ಅದಕ್ಕೆ ಹೊರೆ ತುಂಬಿದವರ ನೆನಪನ್ನು ಅವರು ಹೋದ ಮೇಲೆ ಎಲ್ಲಿಂದ ತರುವುದು?

ಈ ಲೇಖನವನ್ನು ಮುದ್ರಣಕ್ಕೆ ಕೊಡುವ ಮುನ್ನ ತಾತನಿಗೂ ನಮ್ಮ ತಂದೆಗೂ ಓದಿ ಹೇಳಿದೆ. ತಾರೀಖನ್ನು ಬರೆದ ಮೇಲೆ ಸಂಕ್ರಾಂತಿಯ ಮಾತನ್ನು ತೆಗೆದುಬಿಡಲೇ ಎಂದು ಕೇಳಿದೆ. "ತೆಗೀಬೇಡ. ಎರಡೂ ಇರ್ಲಿ" ಎಂದರು ತಾತ.

ಸಹಪಾಠಿಗಳಲ್ಲಿ ನನ್ನದೊಂದು ವಿಜ್ಞಾಪನೆ. ನಮ್ಮಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದವರು. ಸೇನೆಯಿಂದ ಮರಳಿದ ಒಬ್ಬರಾದರೂ ನಿಮ್ಮ ಊರಿನ ಜಗಲಿಯ ಮೇಲೆ ಕುಳಿತಿರಬಹುದು. ಈ ರಜೆಯಲ್ಲಿ ಅವರ ಬಳಿಗೆ ಹೋಗಿ. ಯುದ್ಧದಲ್ಲಿ ಎಷ್ಟು ಮಂದಿಯನ್ನು ಕೊಂದಿರೆಂದು ಕೇಳಬೇಡಿ. ಏನನ್ನು ಹೊತ್ತಿರಿ, ಯಾರಿಗೆ ಹೊತ್ತಿರಿ ಎಂದು ಕೇಳಿ. ಅವರು ಹೇಳಿದ್ದನ್ನು ಮೊದಲು ಪೂರ್ತಿಯಾಗಿ ಬರೆದುಕೊಳ್ಳಿ. ತಿದ್ದುವುದು ಆಮೇಲೆ ಇದ್ದೇ ಇದೆ.